ಸ್ಕಿಮ್ಮರಿಗೊಂದು ಕೋಡಿ: ಉಪ್ಪುನೀರಿನ ಟ್ಯಾಂಕಿನ ಸಂಪ್ ರಿಪೇರಿ

ಮಾರ್ಚ್ ಎರಡನೇ ವಾರ. ಬೆಳಗ್ಗೆ ಆರಕ್ಕೆ ಎದ್ದು ಮೀನಿನ ಟ್ಯಾಂಕಿನ ಕೆಳಗಿನ ಬಾಗಿಲು ತೆಗೆದರೆ ಸ್ಕಿಮ್ಮರಿನ, ಅಂದರೆ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಯಂತ್ರದ, ಕೊಳೆ ಬೀಳುವ ಕಪ್ಪು ತುಂಬಿ ತುಳುಕುತ್ತಿತ್ತು. ಒಳಗಿದ್ದದ್ದು ಕೊಳೆಯಲ್ಲ, ಎರಡನೇ ಸಲ ಸೋಸಿದ ಚಹಾದಂಥ ತೆಳ್ಳನೆಯ ನೀರು. ಅದೇ ದಿನ ರಾತ್ರಿ ಹತ್ತಕ್ಕೆ ನೋಡಿದರೆ ಕಪ್ಪಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ನೊರೆ ಕುತ್ತಿಗೆಯ ಬುಡದಲ್ಲೇ ಕುಳಿತಿತ್ತು. ನೊರೆಯ ಎತ್ತರ ಹೊಂದಿಸುವ ವಾಲ್ವ್ ಸ್ವಲ್ಪ ತಿರುಗಿಸಿ ಮಲಗಿದೆ. ಮರುದಿನ ಬೆಳಗ್ಗೆ ಮತ್ತೆ ತುಂಬಿ ತುಳುಕಿತ್ತು.

ಹೋದ ಜುಲೈಯಲ್ಲಿ ಇದೇ ಸ್ಕಿಮ್ಮರ್ ಎಷ್ಟು ಚೆನ್ನಾಗಿ ನಡೆದಿತ್ತು! ವಾರಕ್ಕೆರಡು ಸಲ ಕಪ್ಪು ತೊಳೆದರೆ ಸಾಕಿತ್ತು. ಹಾಗಾಗಿ ಪಂಪ್ ಸವೆದಿರಬೇಕು, ಹೊಸ ಸ್ಕಿಮ್ಮರ್ ತರಬೇಕು ಎಂದೇ ತೀರ್ಮಾನಿಸಿದ್ದೆ. ಅಷ್ಟು ದುಡ್ಡು ಸುರಿಯುವ ಮುಂಚೆ ಒಂದು ವಾರ ಅಳತೆ ಬರೆದಿಡೋಣ ಅನ್ನಿಸಿದ್ದೇ ಒಳ್ಳೆಯದಾಯಿತು. ಸ್ಕಿಮ್ಮರಿಗೆ ಏನೂ ಆಗಿರಲಿಲ್ಲ. ಅದು ನಿಂತ ನೀರಿನ ಮಟ್ಟ ದಿನವಿಡೀ ಏರಿಳಿಯುತ್ತಿತ್ತು.

ಮೊದಲು ನಮ್ಮ ಮನೆಯ ವ್ಯವಸ್ಥೆ ಹೇಳಿಬಿಡುತ್ತೇನೆ. ಹುಬ್ಬಳ್ಳಿ ಕೇಶ್ವಾಪುರದಲ್ಲಿ ಮನೆ. ನಾಲ್ಕು ಅಡಿ ಉದ್ದದ ಟ್ಯಾಂಕು, ಎರಡು ಕ್ಲೌನ್ ಮೀನು, ಒಂದು ಡ್ಯಾಮ್ಸೆಲ್, ಕೆಲವು ಬಸವನಹುಳು. ಜೀವಂತ ಹವಳ ಇಟ್ಟಿಲ್ಲ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅವು ಕಡಲಲ್ಲೇ ಇರಬೇಕು. ಟ್ಯಾಂಕಿನ ಕೆಳಗೆ, ಸ್ಟ್ಯಾಂಡಿನೊಳಗೆ ಸಂಪ್ ಇದೆ. ನಮ್ಮೂರಲ್ಲಿ ಸಂಪ್ ಅಂದರೆ ನಳದ ನೀರು ಹಿಡಿದಿಡುವ ಅಂಗಳದ ತೊಟ್ಟಿ. ಇದು ಅದಲ್ಲ. ಇದು 90 ಸೆಂ.ಮೀ. ಉದ್ದ, 35 ಅಗಲ, 40 ಎತ್ತರದ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ಟ್ಯಾಂಕಿನ ನೀರು ಪೈಪಿನಲ್ಲಿ ಇಳಿದು ಇದಕ್ಕೆ ಬರುತ್ತದೆ, ಇಲ್ಲಿಂದ ರಿಟರ್ನ್ ಪಂಪ್ ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಎರಡೂ ಸೇರಿ ಸುಮಾರು 250 ಲೀಟರ್ ನೀರು.

ಸ್ಕಿಮ್ಮರ್ ಮಾಡುವುದು ಇಷ್ಟು: ಗಾಳಿಯನ್ನು ಹಿಟ್ಟಿನಷ್ಟು ಸಣ್ಣ ಗುಳ್ಳೆಗಳಾಗಿ ಒಡೆದು ನೀರಿನೊಂದಿಗೆ ಕಡೆಯುತ್ತದೆ. ಮೀನಿನ ಹೊಲಸು, ಉಳಿದ ಆಹಾರದಿಂದ ಬರುವ ಪ್ರೋಟೀನಿನ ಕಣಗಳಿಗೆ ಒಂದು ತುದಿ ನೀರಿಗೆ ಒಲಿಯುವುದು, ಇನ್ನೊಂದು ತುದಿ ನೀರಿನಿಂದ ತಪ್ಪಿಸಿಕೊಳ್ಳುವುದು. ಗುಳ್ಳೆ ಸಿಕ್ಕರೆ ಅವು ಅದರ ಮೈಗೆ ಅಂಟುತ್ತವೆ. ಗುಳ್ಳೆಗಳು ಮೇಲೇರಿ ಕುತ್ತಿಗೆಯಲ್ಲಿ ನೊರೆಗಟ್ಟುತ್ತವೆ, ನೊರೆಯೊಳಗಿನ ನೀರು ಬಸಿದು ಕೆಳಗಿಳಿಯುತ್ತದೆ, ಕೊಳೆ ಹೊತ್ತ ಒಣ ನೊರೆ ಕಪ್ಪಿಗೆ ಉಕ್ಕುತ್ತದೆ. ಆ ಬಸಿಯುವ ಜಾಗ ಬೆರಳುದ್ದದ ಕುತ್ತಿಗೆ ಮಾತ್ರ. ಹೊರಗಿನ ನೀರು ಒಂದು ಸೆಂ.ಮೀ. ಏರಿದರೆ ಸ್ಕಿಮ್ಮರಿನ ಹೊಟ್ಟೆಯೊಳಗಿನ ನೀರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ನೊರೆ ಬಸಿಯುವ ಮೊದಲೇ ನೀರಾಗಿ ಉಕ್ಕುತ್ತದೆ. ಇಳಿದರೆ ನೊರೆ ಕಪ್ಪಿನ ಅಂಚು ಮುಟ್ಟುವುದೇ ಇಲ್ಲ. ನನ್ನ ಸ್ಕಿಮ್ಮರಿನ ಜೊತೆ ಬಂದ ಕಾಗದದಲ್ಲಿ 18ರಿಂದ 22 ಸೆಂ.ಮೀ. ಆಳದಲ್ಲಿಡಿ ಎಂದು ಬರೆದಿದೆ. ಅದರ ಅರ್ಥ ಆ ನಾಲ್ಕು ಸೆಂ.ಮೀ. ಒಳಗೆ ಎಲ್ಲಾದರೂ ಒಂದೇ ಕಡೆ ನಿಲ್ಲಿಸಿ ಎಂದು. ನಡುವೆ ಓಡಾಡಲಿ ಎಂದಲ್ಲ. ಇದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು.

ಒಂದು ವಾರದ ಅಳತೆ

ಸಂಪಿನ ಗಾಜಿಗೆ ಹೊರಗಿನಿಂದ ಒಂದು ಸ್ಟೀಲ್ ಸ್ಕೇಲು ಅಂಟಿಸಿದೆ. ರಾತ್ರಿ ಹತ್ತೂವರೆಗೆ, ಅಂದರೆ ಆವಿಯಾದ ನೀರಿನ ಬದಲು ಆರ್‌ಒ ನೀರು ಸುರಿದ ಮೇಲೆ, 22.5. ಬೆಳಗ್ಗೆ ಆರಕ್ಕೆ 21.8. ಮಧ್ಯಾಹ್ನ ಎರಡಕ್ಕೆ 20.9. ರಾತ್ರಿ ಹತ್ತಕ್ಕೆ 19.8. ಏಳೂ ದಿನ ಹೆಚ್ಚುಕಡಿಮೆ ಇದೇ ಲೆಕ್ಕ. ನೊರೆ ಸರಿಯಾಗಿ ಕಟ್ಟುತ್ತಿದ್ದದ್ದು 20.5 ಮತ್ತು 20ರ ನಡುವೆ, ಸಂಜೆ ಐದರಿಂದ ಎಂಟೂವರೆಯವರೆಗೆ. ಇಪ್ಪತ್ನಾಲ್ಕು ತಾಸು ಕರೆಂಟ್ ತಿನ್ನುವ ಯಂತ್ರ ನಿಜವಾಗಿ ದುಡಿಯುತ್ತಿದ್ದದ್ದು ಮೂರೂವರೆ ತಾಸು.

ಕಾರಣ ಸಂಪಿನ ರಚನೆಯಲ್ಲಿತ್ತು. ಸೋಸುಚೀಲದ ಖಾನೆ ಬಿಟ್ಟರೆ ಉಳಿದದ್ದೆಲ್ಲ ಒಂದೇ ದೊಡ್ಡ ಖಾನೆ. ಸ್ಕಿಮ್ಮರ್ ಮತ್ತು ರಿಟರ್ನ್ ಪಂಪ್ ಎರಡೂ ಅದರಲ್ಲೇ. ಮೇಲಿನ ಟ್ಯಾಂಕಿನ ಮಟ್ಟ ಅದರ ತೂಬಿನ ಅಂಚಿನಿಂದ ನಿರ್ಧಾರವಾಗುತ್ತದೆ, ಅದು ಇಳಿಯುವುದಿಲ್ಲ. ಇಡೀ ವ್ಯವಸ್ಥೆಯಿಂದ ಎಷ್ಟು ಆವಿಯಾಗುತ್ತದೋ ಅಷ್ಟೂ ಪಂಪ್ ಇರುವ ಖಾನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮಾರ್ಚಿನಲ್ಲಿ ನಮ್ಮ ಕಡೆಯ ಒಣ ಗಾಳಿ, ಮೇಲಿಂದ ನೀರು ತಣ್ಣಗಿರಲೆಂದು ನಾನೇ ಹಚ್ಚಿದ ಟೇಬಲ್ ಫ್ಯಾನು. ದಿನಕ್ಕೆ ಆರು ಲೀಟರ್ ಹೋಗುತ್ತಿತ್ತು. ಆ ಖಾನೆಯ ಅಗಲ ಉದ್ದಕ್ಕೆ ಆರು ಲೀಟರ್ ಅಂದರೆ 2.7 ಸೆಂ.ಮೀ. ಜುಲೈಯಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ಹೋಗುತ್ತಿದ್ದದ್ದು ಎರಡೇ ಲೀಟರ್, ಒಂದು ಸೆಂ.ಮೀ. ಕೂಡ ಇಳಿಯುತ್ತಿರಲಿಲ್ಲ. ಸ್ಕಿಮ್ಮರ್ ಮಳೆಗಾಲದಲ್ಲಿ ಸುಧಾರಿಸಿ ಬೇಸಿಗೆಯಲ್ಲಿ ಕೆಡುತ್ತಿದ್ದದ್ದು ಇದಕ್ಕೆ. ಫೆಬ್ರವರಿಯಲ್ಲಿ ಎರಡು ದಿನ ಗದಗಕ್ಕೆ ಮದುವೆಗೆ ಹೋಗಿ ಬಂದಾಗ ಸ್ಕಿಮ್ಮರ್ ಮೂಕಾಗಿ ನಿಂತಿದ್ದೂ ಆಗ ಅರ್ಥವಾಯಿತು.

ಕೋಡಿ

ಉಣಕಲ್ ಕೆರೆ ತುಂಬಿದ ವರ್ಷ ಕೋಡಿ ಹರಿಯುವುದನ್ನು ನೋಡಿದವರಿಗೆ ಮುಂದಿನದು ಬಿಡಿಸಿ ಹೇಳಬೇಕಿಲ್ಲ. ಒಳಹರಿವು ಎಷ್ಟೇ ಇರಲಿ, ಕೋಡಿ ಬಿದ್ದ ಮೇಲೆ ಕೆರೆಯ ಮಟ್ಟ ಕೋಡಿಯ ಅಂಚಿನ ಮೇಲೆಯೇ ನಿಲ್ಲುತ್ತದೆ. ಹೆಚ್ಚಾದದ್ದು ದಾಟಿ ಹೋಗುತ್ತದೆ. ಸ್ಕಿಮ್ಮರಿನ ಖಾನೆಗೂ ಪಂಪಿನ ಖಾನೆಗೂ ನಡುವೆ ಒಂದು ಅಡ್ಡಗಾಜು ನಿಲ್ಲಿಸಿದರೆ ಸ್ಕಿಮ್ಮರ್ ಕೆರೆಯಲ್ಲಿರುತ್ತದೆ, ಪಂಪ್ ಕೋಡಿಯ ಕೆಳಗಿರುತ್ತದೆ. ಆವಿಯ ಏರಿಳಿತವೆಲ್ಲ ಪಂಪಿನ ಪಾಲಿಗೆ ಬರುತ್ತದೆ. ಪಂಪಿಗೆ ಅದರಿಂದ ತೊಂದರೆಯಿಲ್ಲ, ಬಾಯಿ ನೀರೊಳಗಿದ್ದರೆ ಸಾಕು.

ಅಡ್ಡಗಾಜಿನ ಎತ್ತರದಲ್ಲಿ ಒಂದು ಸೂಕ್ಷ್ಮವಿದೆ. ನೀರು ಅಂಚನ್ನು ದಾಟುವಾಗ ಅಂಚಿಗಿಂತ ಸ್ವಲ್ಪ ಮೇಲೆ ನಿಂತು ದಾಟುತ್ತದೆ. ನನ್ನ ಪಂಪ್ ತಾಸಿಗೆ 2000 ಲೀಟರ್ ಎತ್ತುತ್ತದೆ, ಗಾಜು 33 ಸೆಂ.ಮೀ.ಗೂ ಸ್ವಲ್ಪ ಹೆಚ್ಚು ಅಗಲ. ಲೆಕ್ಕ ಹಾಕಿದರೆ ಆ ನೀರಿನ ಪದರ ಎಂಟೊಂಬತ್ತು ಮಿ.ಮೀ. ಬರುತ್ತದೆ. ಇನ್ನೊಂದು ಮಾತು: ಗಾಜನ್ನು ಬೇಕಾದ್ದಕ್ಕಿಂತ ಎತ್ತರವೇ ಕೊಯ್ಸಿ. ಸ್ಕಿಮ್ಮರಿನ ಕೆಳಗೆ ಮಣೆ ಇಟ್ಟು ಎತ್ತರಿಸಬಹುದು, ನೆಲ ಅಗೆದು ಇಳಿಸಲಾಗುವುದಿಲ್ಲ. ನಾನು 21 ಸೆಂ.ಮೀ. ಗಾಜು ಹೇಳಿದೆ. ಕೆಳಗಿನ ಸಿಲಿಕೋನ್ ಎರಡು ಮಿ.ಮೀ., ಮೇಲಿನ ಪದರ ಎಂಟು ಮಿ.ಮೀ. ಸೇರಿ ನೀರು 22ಕ್ಕೆ ನಿಲ್ಲಬೇಕು. ಸ್ಕಿಮ್ಮರಿಗೆ ಎರಡು ಸೆಂ.ಮೀ. ಮಣೆ ಕೊಟ್ಟರೆ ಅದರ ಪಾಲಿಗೆ 20 ಸೆಂ.ಮೀ. ಆಳ.

ಗಾಜಿನ ಅಂಗಡಿಯ ಕಾಕಾ ಚೀಟಿ ನೋಡಿ ಕೇಳಿದರು, "ಒಳಗಿನ ಅಳತಿ 33.8 ಅಂತೀರಿ, ಗ್ಲಾಸ್ 33.4 ಬರದೀರಿ. ತಪ್ಪಿಲ್ಲಲ್ರೀ?"

"ಇಲ್ಲ ಕಾಕಾ, ಎರಡೂ ಕಡೆ ಎರಡೆರಡು ಮಿಲಿ ಸಿಲಿಕೋನಿಗೆ ಬಿಟ್ಟೀನಿ."

"ಹಂಗಾರ ಛಲೋ ಆತು. ಬಿಗಿಯಾಗಿ ಕೂಡಿಸಿದ್ರ ಸಿಲಿಕೋನ್ ಒಳಗ ಹೋಗಂಗಿಲ್ಲ, ಮ್ಯಾಲ ಮೆತ್ತಿದ್ದಷ್ಟ ಆಗ್ತದ." ಅಂಚು ಕಲ್ಲಿಗೆ ತಿಕ್ಕಿ ಮೊಂಡು ಮಾಡಿಯೇ ಕೊಟ್ಟರು, ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ.

ಎರಡು ಗಾಜು ತಂದೆ. ಮೊದಲನೆಯದು ನೆಲಕ್ಕೆ ಅಂಟುವ ಕೋಡಿ. ಎರಡನೆಯದು ಅದರಿಂದ ನಾಲ್ಕು ಸೆಂ.ಮೀ. ಆಚೆ, ನೆಲದಿಂದ ಮೂರು ಸೆಂ.ಮೀ. ಮೇಲೆ ತೂಗುವಂತೆ. ಕೋಡಿ ದಾಟಿ ಬಿದ್ದ ನೀರು ಇದರ ಕೆಳಗಿನಿಂದ ನುಸುಳಬೇಕು. ಗುಳ್ಳೆಗಳು ಮೇಲಕ್ಕೇ ಹೋಗುವುದರಿಂದ ಅಲ್ಲೇ ಉಳಿಯುತ್ತವೆ, ಪಂಪಿಗೆ ಸಿಕ್ಕಿ ಮೇಲಿನ ಟ್ಯಾಂಕಿಗೆ ಮಂಜಿನಂತೆ ಹರಡುವುದಿಲ್ಲ.

ಸಂಪ್ ಬಿಚ್ಚಿ ಹೊರಗೆ ತಂದದ್ದು ಶನಿವಾರ. ಮೇಲಿನ ಟ್ಯಾಂಕಿಗೆ ನೀರು ಅಲುಗಿಸುವ ವೇವ್‌ಮೇಕರ್, ಗಾಳಿಗುಳ್ಳೆ ಬಿಡುವ ಒಂದು ಏರ್‌ಸ್ಟೋನ್ ಹಾಕಿ ಮೀನುಗಳಿಗೆ ನಾಲ್ಕು ದಿನ ಆಹಾರ ಅರ್ಧ ಮಾಡಿದೆ. ಗಾಜಿನ ಮೇಲೆ ಹೆಪ್ಪುಗಟ್ಟಿದ ಉಪ್ಪನ್ನು ವಿನೆಗರಿನಲ್ಲಿ ತೊಳೆದು, ಅಡ್ಡಗಾಜು ಕೂರುವ ಜಾಗದ ಹಳೆ ಸಿಲಿಕೋನನ್ನು ಬ್ಲೇಡಿನಿಂದ ಹೆರೆದೆ. ಇಲ್ಲಿ ಅವಸರ ಮಾಡಬೇಡಿ. ಹೊಸ ಸಿಲಿಕೋನ್ ಹಳೆಯದರ ಮೇಲೆ ಹಿಡಿಯುವುದಿಲ್ಲ, ಬರೀ ಗಾಜಿಗೇ ಹಿಡಿಯುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬೆರಳು ತಾಗಿಸದೆ ಅಂಟಿಸಿದೆ. ಸಿಲಿಕೋನ್ ಕೊಳ್ಳುವಾಗ ಬೂಷ್ಟು ತಡೆಯುವ ಔಷಧ ಸೇರಿಸಿದ ಬಚ್ಚಲಮನೆಯ ಬಗೆಯದು ಬೇಡ, ಅದು ಮೀನಿಗೆ ವಿಷ. ಮೂರು ದಿನ ಒಣಗಲು ಬಿಟ್ಟೆ. ಹುಳಿ ವಾಸನೆ ಪೂರ್ತಿ ಹೋದ ಮೇಲೆ ಬೋರ್ ನೀರು ತುಂಬಿಸಿ ಒಂದು ರಾತ್ರಿ ಇಟ್ಟು ನೋಡಿದೆ. ಅಡ್ಡಗಾಜಿನ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಜಿನುಗಿತ್ತು. ಎರಡೂ ಕಡೆ ನೀರೇ ಇರುವ ಜಾಗ, ತಾಸಿಗೆ 2000 ಲೀಟರ್ ಬರುವಾಗ ಅಷ್ಟು ಜಿನುಗು ಲೆಕ್ಕಕ್ಕಿಲ್ಲ, ಹಾಗೇ ಬಿಟ್ಟೆ.

ಸ್ಕಿಮ್ಮರಿನ ಮಣೆಗೆ ಪಿವಿಸಿ ಪೈಪನ್ನು ಒಂದೂವರೆ ಸೆಂ.ಮೀ. ಬಳೆಗಳಾಗಿ ಕೊಯ್ದು, ಮೇಲೆ ಐದು ಮಿ.ಮೀ. ಆ್ಯಕ್ರಿಲಿಕ್ ತುಂಡು ಇಟ್ಟೆ.

ಬುಧವಾರ ಎಲ್ಲ ಜೋಡಿಸಿ ಪಂಪ್ ಹಚ್ಚಿದಾಗ ಸ್ಕೇಲಿನಲ್ಲಿ 22.0 ಕಂಡಿತು. ಒಂದು ತಾಸು ಅದರ ಮುಂದೆಯೇ ಕುಳಿತಿದ್ದೆ. ನೀರು ಗಾಜಿನ ಅಂಚನ್ನು ಕನ್ನಡಿಯಂತೆ ಬಾಗಿ ದಾಟುತ್ತಿತ್ತು, ಒಂದು ಕೂದಲೂ ಅಲುಗದೆ.

ಕರೆಂಟ್ ಹೋದರೆ?

ಇಷ್ಟು ಮಾಡಿ ಸುಮ್ಮನಿದ್ದರೆ ಅರ್ಧ ಕೆಲಸ. ಕರೆಂಟ್ ಹೋದಾಗ ರಿಟರ್ನ್ ಪಂಪ್ ನಿಲ್ಲುತ್ತದೆ, ಮೇಲಿನ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದರೆ ಅದು ಹಿಂದಕ್ಕೆ ಎಳೆಯಲು ಶುರುಮಾಡುತ್ತದೆ. ಪ್ಲಗ್ ಕಿತ್ತು ನೋಡಿದೆ. ನನ್ನ ಪೈಪಿನ ಬಾಯಿ, ಅಂದರೆ ನಳಿಗೆ, ನೀರಿನಿಂದ ಮೂರು ಸೆಂ.ಮೀ. ಒಳಗಿತ್ತು. ಮೇಲಿನ ಟ್ಯಾಂಕಿನ ಪ್ರತಿ ಸೆಂ.ಮೀ.ಗೆ ಐದು ಲೀಟರಿಗೂ ಹೆಚ್ಚು ನೀರು. ಸಂಪ್ 26.8ಕ್ಕೆ ಏರಿ ನಿಂತಿತು. ಸಂಪಿನ ಎತ್ತರ 40, ನೆಲಕ್ಕೆ ಚೆಲ್ಲುವ ಭಯವಿಲ್ಲ. ಆದರೆ ಪ್ಲಗ್ ಮತ್ತೆ ಹಾಕಿದ ಕ್ಷಣ ಸ್ಕಿಮ್ಮರ್ ಐದು ಸೆಂ.ಮೀ. ಹೆಚ್ಚಿನ ನೀರಿನಲ್ಲಿ ಶುರುವಾಗಿ ಒಂದೇ ಉಸಿರಿಗೆ ಕಪ್ಪು ತುಂಬಿಸಿತು. ಕಪ್ಪಿನಲ್ಲಿದ್ದ ಕೊಳೆಯೆಲ್ಲ ಸಂಪಿಗೆ ವಾಪಸ್.

ಪೈಪಿನ ನಳಿಗೆಯಲ್ಲಿ, ನೀರಿನ ಮಟ್ಟದಿಂದ ಒಂದು ಸೆಂ.ಮೀ. ಕೆಳಗೆ ಆರು ಮಿ.ಮೀ. ತೂತು ಕೊರೆದೆ. ನೀರು ಅಲ್ಲಿಗಿಳಿದ ಕೂಡಲೇ ತೂತು ಗಾಳಿ ಎಳೆದುಕೊಂಡು ಸೈಫನ್, ಅಂದರೆ ಪಂಪಿಲ್ಲದೆ ತಾನೇ ಕೆಳಗೆಳೆಯುವ ಹರಿವು, ಕಡಿಯುತ್ತದೆ. ಮತ್ತೆ ಪ್ಲಗ್ ಕಿತ್ತರೆ ಈಗ 23.4. ಈ ತೂತಿಗೆ ಪಾಚಿ, ಬಸವನಹುಳು ಅಡ್ಡ ಕೂರುವುದುಂಟು. ತಿಂಗಳಿಗೊಮ್ಮೆ ಹಲ್ಲುಕಡ್ಡಿಯಿಂದ ಚುಚ್ಚಿ ನೋಡುತ್ತೇನೆ.

ಉಳಿದ ಒಂದೂವರೆ ಸೆಂ.ಮೀ.ಗೂ ಉಪಾಯ ಬೇಕಿತ್ತು. ಪಂಪ್ ಮೊದಲು ನಡೆದು ಮಟ್ಟ ಇಳಿಸಲಿ, ಸ್ಕಿಮ್ಮರ್ ಆಮೇಲೆ ಏಳಲಿ. ಅದಕ್ಕೆ ಟೈಮರ್ ಹುಡುಕುತ್ತಿದ್ದವನಿಗೆ ಅಟ್ಟದ ಮೇಲೆ ಹಳೆ ಫ್ರಿಜ್ಜಿನ ಸ್ಟೆಬಿಲೈಜರ್ ನೆನಪಾಯಿತು. ಕಂಪ್ರೆಸರ್ ಉಳಿಸಲೆಂದು ಅದು ಕರೆಂಟ್ ಬಂದ ಮೇಲೆ ಮೂರು ನಿಮಿಷ ಕಾದು ಕರೆಂಟ್ ಬಿಡುತ್ತದೆ. ಸ್ಕಿಮ್ಮರಿನ ಪ್ಲಗ್ ಅದಕ್ಕೆ ಹಾಕಿದೆ. ನಮ್ಮ ಪಂಪಿಗೆ ಒಂದು ನಿಮಿಷವೂ ಬೇಕಿಲ್ಲ, ಅಷ್ಟರಲ್ಲಿ 22ಕ್ಕೆ ಬಂದಿರುತ್ತದೆ. ಅಟ್ಟದಲ್ಲಿ ದೂಳು ತಿನ್ನುತ್ತಿರುವ ಇಂಥ ಪೆಟ್ಟಿಗೆ ಬಹಳ ಮನೆಗಳಲ್ಲಿರುತ್ತದೆ, ನಿಮ್ಮಲ್ಲೂ ನೋಡಿ. ಎಲ್ಲ ವಾಯರುಗಳೂ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋಲಿ ಆಮೇಲೆ ಮೇಲೇರಲಿ, ಉಪ್ಪುನೀರಿನ ಹನಿ ವಾಯರಿನಗುಂಟ ಸಾಕೆಟ್ಟಿಗೆ ಹರಿಯಬಾರದು.

ತಾನೇ ತುಂಬುವ ನೀರು, ಮತ್ತು ಆ ರಾತ್ರಿ

ಕೋಡಿ ಕಟ್ಟಿದ ಮೇಲೆ ಆವಿಯ ಭಾರವೆಲ್ಲ ಪಂಪಿನ ಸಣ್ಣ ಖಾನೆಗೆ ಬಿತ್ತು. ಆರು ಲೀಟರ್ ಅಂದರೆ ಅಲ್ಲಿ ದಿನಕ್ಕೆ ಏಳು ಸೆಂ.ಮೀ. ಮೂರು ದಿನ ಮರೆತರೆ ಪಂಪ್ ಗಾಳಿ ಕುಡಿಯುತ್ತದೆ. ಹಾಗಾಗಿ ತಾನೇ ತುಂಬುವ ವ್ಯವಸ್ಥೆ ಬೇಕೇ ಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬುವುದು ಸಿಹಿನೀರು, ಅದೂ ಆರ್‌ಒ ನೀರು. ಮನೆಯ ಆರ್‌ಒ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಕಚ್ಚಾ ನೀರು ಬೆರೆಸುವ ತಿರುಪು ಇರುತ್ತದೆ. ನಾನು ಮೆಂಬ್ರೇನಿನಿಂದ ನೇರವಾಗಿ ಬೇರೆ ಕೊಳವೆ ತೆಗೆದಿದ್ದೇನೆ. ಮಲಪ್ರಭೆಯ ನಳದ ನೀರು ಬಂದ ದಿನವೇ ಕ್ಯಾನ್ ತುಂಬಿಸುತ್ತೇನೆ, ಬೋರ್ ನೀರು ಹಾಕಿದರೆ ಮೆಂಬ್ರೇನು ಬೇಗ ಕಟ್ಟುತ್ತದೆ.

ನೀರಿನ ಮಟ್ಟ ಇಳಿದರೆ ತಾನೇ ಹತ್ತುವ ಒಂದು ಫ್ಲೋಟ್ ಸ್ವಿಚ್, 12 ವೋಲ್ಟಿನ ಅಡಾಪ್ಟರ್, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಒಂದು ರಿಲೇ, ಒಂದು ಸಣ್ಣ ಪಂಪ್, 20 ಲೀಟರಿನ ಕ್ಯಾನ್. ಫ್ಲೋಟನ್ನು 17 ಸೆಂ.ಮೀ.ಗೆ ಕೂರಿಸಿದೆ. ಫ್ಲೋಟಿನಿಂದ ನೇರವಾಗಿ ಪಂಪ್ ನಡೆಸಬಾರದು. ಅದರೊಳಗಿನ ರೀಡ್ ಸ್ವಿಚ್ಚಿನ ನಾಲಿಗೆಗಳು ಕೂದಲಿನಂಥವು, ಮೋಟಾರಿನ ಕಿಡಿಗೆ ಬೆಸೆದುಕೊಂಡು ಬಿಡುತ್ತವೆ, ಆಮೇಲೆ ಪಂಪ್ ನಿಲ್ಲುವುದೇ ಇಲ್ಲ. ಫ್ಲೋಟ್ ರಿಲೇಯ ಕಾಯಿಲನ್ನಷ್ಟೇ ಎಳೆಯಲಿ, ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್ ಇರಲಿ. ಮೂರು ಸೆಂ.ಮೀ. ಮೇಲೆ ಇನ್ನೊಂದು ಫ್ಲೋಟನ್ನು ಅದೇ ಸರಣಿಯಲ್ಲಿ ಜೋಡಿಸಿದೆ. ಕೆಳಗಿನದು ಉಪ್ಪುಗಟ್ಟಿ ಸಿಕ್ಕಿಕೊಂಡರೆ ಮೇಲಿನದು ಕಡಿಯುತ್ತದೆ.

ಎರಡು ರಕ್ಷಣೆ ಇದೆ ಎಂಬ ಧೈರ್ಯದಲ್ಲಿ ಕ್ಯಾನನ್ನು ಪಕ್ಕದ ಸ್ಟೂಲಿನ ಮೇಲಿಟ್ಟೆ. ಕೊಳವೆಯ ತುದಿಯನ್ನು, ಸದ್ದಾಗದಿರಲೆಂದು, ಸಂಪಿನ ನೀರೊಳಗೆ ಬಿಟ್ಟೆ. ಬೆಳಗಿನ ಜಾವ ಅವ್ವ ಎಬ್ಬಿಸಿದಳು, "ತಮ್ಮಾ, ಮೀನಿನ ಪೆಟ್ಟಿಗ್ಯಾಗ ಏನೋ ಬುಳುಬುಳು ಅನ್ನಾಕತ್ತೈತಿ, ಎದ್ದು ನೋಡು."

ಕ್ಯಾನ್ ಖಾಲಿ. ಸ್ಕಿಮ್ಮರ್ ಉಕ್ಕಿ ಹರಿಯುತ್ತಿತ್ತು. ಪಂಪ್ ಒಮ್ಮೆ ಶುರುವಾಗಿ ಅರ್ಧ ನಿಮಿಷಕ್ಕೆ ಸರಿಯಾಗಿಯೇ ನಿಂತಿತ್ತು. ಆದರೆ ಅಷ್ಟರಲ್ಲಿ ಕೊಳವೆ ತುಂಬಿತ್ತು, ಕ್ಯಾನ್ ಎತ್ತರದಲ್ಲಿತ್ತು, ಉಳಿದ 18 ಲೀಟರ್ ತನ್ನಷ್ಟಕ್ಕೆ ತಾನೇ ಇಳಿದು ಬಂತು. ನಿಂತ ಪಂಪಿನ ಒಳಗಿಂದಲೂ ನೀರು ಹಾಯುತ್ತದೆ. ಸೈಫನ್ನಿಗೆ ರಿಲೇಯ ಹಂಗಿಲ್ಲ, ಫ್ಲೋಟಿನ ಹಂಗಿಲ್ಲ. ನೀರಿನ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ 1.026 ಇದ್ದದ್ದು 1.024ಕ್ಕೆ ಬಂದಿತ್ತು. ಮೀನುಗಳು ಓಡಾಡಿಕೊಂಡೇ ಇದ್ದವು, ಆದರೂ ಆ ಬೆಳಗ್ಗೆ ನನಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಕೂಡಲೇ ಉಪ್ಪು ಕರಗಿಸಿ ಹಾಕಲು ಕೈ ಹೋಗಿತ್ತು. ಒಂದು ಕ್ಷಣ ನಿಂತು ಯೋಚಿಸಿದೆ. ಹೆಚ್ಚಾದದ್ದು ನೀರು, ಉಪ್ಪು ಎಲ್ಲೂ ಹೋಗಿರಲಿಲ್ಲ. ಕಪ್ಪಿನಿಂದ ಉಕ್ಕಿದ್ದೂ ಸಂಪಿಗೇ ಬಿದ್ದಿತ್ತು. ದಿನಕ್ಕೆ ಆರು ಲೀಟರಿನಂತೆ 18 ಲೀಟರ್ ಮೂರು ದಿನದಲ್ಲಿ ತಾನೇ ಆವಿಯಾಗುತ್ತದೆ. ಸ್ಕಿಮ್ಮರ್ ಆರಿಸಿ, ಏರ್‌ಸ್ಟೋನ್ ಹಾಕಿ, ಸಿಹಿನೀರು ಬಂದ್ ಮಾಡಿ ಕಾದೆ. ಮೂರನೇ ದಿನ ಸಂಜೆ 1.026, ಪಂಪಿನ ಖಾನೆ 17. ಅಷ್ಟು ನಿಧಾನವಾಗಿ ಏರಿದ್ದು ಮೀನುಗಳಿಗೂ ಒಳ್ಳೆಯದೇ.

ಈಗ ಕ್ಯಾನ್ ನೆಲದ ಮೇಲಿದೆ. ಕೊಳವೆಯ ತುದಿ ಸಂಪಿನ ಮೇಲಂಚಿಗೆ ಕ್ಲಿಪ್ಪಿನಲ್ಲಿ, ಕ್ಯಾನ್ ತುಂಬಿದಾಗಿನ ನೀರಿಗಿಂತಲೂ ಎತ್ತರದಲ್ಲಿ, ಗಾಳಿಯಲ್ಲಿ ನಿಂತಿದೆ. ಹನಿಯುವ ಸದ್ದು ಬರುತ್ತದೆ, ಬರಲಿ. ಕ್ಯಾನಿಗೆ ಹತ್ತು ಲೀಟರಿಗಿಂತ ಹೆಚ್ಚು ತುಂಬುವುದನ್ನೂ ಬಿಟ್ಟೆ. ಏನೇ ಕೆಟ್ಟು ಅಷ್ಟೂ ಒಮ್ಮೆಲೇ ಬಿದ್ದರೂ 250 ಲೀಟರಿನಲ್ಲಿ ಅದು ತಡೆಯುವಂಥ ಪೆಟ್ಟು.

ಆಮೇಲೆ

ಹೊಸ ಸಿಲಿಕೋನಿನಿಂದಲೋ ಏನೋ ಮೊದಲ ನಾಲ್ಕು ದಿನ ಸ್ಕಿಮ್ಮರ್ ಹುಚ್ಚುನೊರೆ ಕಾರಿತು. ವಾಲ್ವ್ ಪೂರ್ತಿ ತೆರೆದು ಬಿಟ್ಟಿದ್ದೆ. ಐದನೇ ದಿನದಿಂದ ದಿನಕ್ಕೆ ಕಾಲು ಸುತ್ತಿನಂತೆ ಬಿಗಿ ಮಾಡುತ್ತ ಬಂದೆ, ನಡುವೆ ಒಂದು ಹಗಲು ಒಂದು ರಾತ್ರಿ ಕಾದು. ಎಂಟನೇ ದಿನ ಕಪ್ಪು ತೆಗೆದಾಗ ತಳದಲ್ಲಿ ಎರಡು ಬೆರಳಿನಷ್ಟು ಕಾಕಂಬಿ ಬಣ್ಣದ ಕೊಳೆ, ಕುತ್ತಿಗೆಯ ಒಳಮೈಗೆ ಕಂದು ಕೆನೆ. ನಾತ ಹೇಳಲಾರೆ. ಇಂಥ ಕೊಳೆ ಈ ಟ್ಯಾಂಕಿನಿಂದ ಬಂದದ್ದು ಜುಲೈಯ ನಂತರ ಇದೇ ಮೊದಲು. ವಾಲ್ವಿಗೆ ಅಂದಿನಿಂದ ಕೈ ಹಚ್ಚಿಲ್ಲ.

ಮಟ್ಟ ಗಟ್ಟಿಯಾದ ಮೇಲೆ ಬೇರೆ ದೋಷಗಳು ತಾವೇ ಬೇರೆಯಾಗಿ ಕಾಣುತ್ತವೆ. ಏಪ್ರಿಲಿನಲ್ಲಿ ಒಂದು ದಿನ ನೊರೆ ಸೊರಗಿತು, ಸ್ಕೇಲು ನೋಡಿದರೆ 22.0. ಹಾಗಾದರೆ ಮಟ್ಟದ್ದಲ್ಲ. ಸ್ಕಿಮ್ಮರಿನ ಹೊಟ್ಟೆಯಲ್ಲಿ ಹಾಲಿನಂತಿರಬೇಕಾದ ನೀರು ತಿಳಿಯಾಗಿತ್ತು, ಗುಳ್ಳೆಗಳು ವಿರಳ. ಗಾಳಿ ಎಳೆಯುವ ಕೊಳವೆಯ ತುದಿಯಲ್ಲಿ ಉಪ್ಪು ಕಟ್ಟಿತ್ತು, ಒಣ ಹವೆಯಲ್ಲಿ ಇದು ಬೇಗ ಕಟ್ಟುತ್ತದೆ. ಒಂದು ಲೋಟ ಬಿಸಿನೀರು ಎಳೆಸಿದೆ, ಹತ್ತು ನಿಮಿಷದಲ್ಲಿ ಸರಿಹೋಯಿತು.

ಮೇ ಕೊನೆಯ ವಾರ ಇನ್ನೊಂದು. ಸ್ಕಿಮ್ಮರಿನ ಖಾನೆ 21.7 ತೋರಿಸಿತು. ಪಂಪಿನ ಖಾನೆಯಲ್ಲಿ 17 ಸರಿಯಾಗಿಯೇ ಇತ್ತು. ಅಡ್ಡಗಾಜು ಕುಗ್ಗುವುದಿಲ್ಲ, ಹಾಗಾದರೆ ಅದರ ಮೇಲಿನ ನೀರಿನ ಪದರವೇ ತೆಳುವಾಗಿರಬೇಕು, ಅಂದರೆ ಪಂಪ್ ಕಡಿಮೆ ಎತ್ತುತ್ತಿರಬೇಕು. ಪದರದಲ್ಲಿ ಮೂರು ಮಿ.ಮೀ. ಹೋದರೆ ಹರಿವಿನಲ್ಲಿ ಹೆಚ್ಚುಕಡಿಮೆ ಅರ್ಧ ಹೋದಂತೆ. ರಿಟರ್ನ್ ಪಂಪ್ ಬಿಚ್ಚಿದರೆ ಒಳಗಿನ ಚಕ್ರದ ಸುತ್ತ ಸುಣ್ಣದಂಥ ಬಿಳಿ ಗಟ್ಟಿಪದರ. ವಿನೆಗರಿನಲ್ಲಿ ಒಂದು ರಾತ್ರಿ ನೆನೆಹಾಕಿ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ಕೂರಿಸಿದೆ. ಸ್ಕೇಲು ಮತ್ತೆ 22.0ಕ್ಕೆ ಬಂತು.